ಕನಿಷ್ಠವೇ ಗರಿಷ್ಠಕ್ಕಿಂತ ದೊಡ್ಡದು!



ಗ್ರಾಫ್ ಬರೆಯಿರಿ ಅಂದ ಕೂಡಲೇ ನಾವೆಲ್ಲ ಮಾಡೋದು ಒಂದೇ. ನಾಲ್ಕೈದು ಬೆಲೆ ಹಾಕಿ ಪಟ್ಟಿ ಮಾಡುತ್ತೇವೆ, ಚುಕ್ಕೆ ಇಡುತ್ತೇವೆ, ಸೇರಿಸಿಬಿಡುತ್ತೇವೆ. ಸರಳರೇಖೆಗೆ ಅದು ಸಾಕು. ಆದರೆ ಛೇದದಲ್ಲಿ ಕ್ಷ ಇರುವ ಭಾಗಲಬ್ಧ ಫಲನಕ್ಕೆ ಸಾಲದು. ಎರಡು ಚುಕ್ಕೆಗಳ ನಡುವೆ ಗೆರೆ ಏನು ಮಾಡುತ್ತದೆ ಅಂತ ಚುಕ್ಕೆ ಹೇಳೋದಿಲ್ಲ. ಅದನ್ನು ಹೇಳುವುದು ಡೆರಿವೇಟಿವ್. (ಬೋರ್ಡಿನ ಎಕ್ಸ್, ವೈಗಳನ್ನು ಇಲ್ಲಿ ಕ್ಷ, ಯ ಎಂದು ಬರೆದಿದ್ದೇನೆ.)

16 ಚದರ ಮೀಟರಿನ ಆಯತಾಕಾರದ ಕೈತೋಟ ಮಾಡಬೇಕು ಅಂದುಕೊಳ್ಳಿ. ಒಂದು ಬದಿ ಕ್ಷ ಮೀಟರ್ ಆದರೆ ಪಕ್ಕದ ಬದಿ 16/ಕ್ಷ. ಇವೆರಡನ್ನು ಕೂಡಿದರೆ

ಯ = ಕ್ಷ + 16/ಕ್ಷ

ಇದರ ಎರಡರಷ್ಟು ಉದ್ದದ ಬೇಲಿ ಬೇಕು. ಒಂದೇ ಛೇದಕ್ಕೆ ತಂದರೆ (ಕ್ಷ² + 16)/ಕ್ಷ, ಅಂದರೆ ಭಾಗಲಬ್ಧ ಫಲನ. ಪೂರ್ತಿ ಗ್ರಾಫ್ ಬೇಕಾದ್ದರಿಂದ ಕ್ಷ ಗೆ ಋಣ ಬೆಲೆಗಳನ್ನೂ ಕೊಡೋಣ.

ಮೊದಲು ಛೇದ ನೋಡಬೇಕು. ಕ್ಷ = 0 ಆದಾಗ ಬೆಲೆಯೇ ಇಲ್ಲ. ಕ್ಷ = 1 ಕ್ಕೆ 17, −1 ಕ್ಕೆ −17. ಈ ಎರಡು ಚುಕ್ಕೆಗಳನ್ನು ಸ್ಕೇಲಿಟ್ಟು ಸೇರಿಸಿದರೆ ಗೆರೆ ಮೂಲಬಿಂದುವಿನ ಮೇಲೆ ಹಾದುಹೋಗುತ್ತದೆ, ಅಲ್ಲಿ ಗ್ರಾಫೇ ಇಲ್ಲ! ಕ್ಷ = 0.1 ಹಾಕಿ ನೋಡಿ, 160.1 ಬರುತ್ತೆ. −0.1 ಹಾಕಿದರೆ −160.1. ಹಾಗಾಗಿ ಗ್ರಾಫ್ ಎರಡು ತುಂಡು.

ಈಗ ಡೆರಿವೇಟಿವ್: 1 − 16/ಕ್ಷ². ಗೆರೆಯ ಮೇಲೆ ಎಡದಿಂದ ಬಲಕ್ಕೆ ಸೈಕಲ್ ತುಳಿಯುತ್ತಿದ್ದೇವೆ ಅಂತಿಟ್ಟುಕೊಳ್ಳಿ. ಇದು ಋಣ ಆದರೆ ಇಳಿಜಾರು, ಧನ ಆದರೆ ಏರು, ಸೊನ್ನೆ ಆದರೆ ಆ ಜಾಗ ಸಮತಟ್ಟು. ಸೊನ್ನೆ ಆಗೋದು ಕ್ಷ = 4 ಮತ್ತು −4 ರಲ್ಲಿ ಮಾತ್ರ.

ಬಲಗಡೆ ತುಂಡಿನಲ್ಲಿ ಕ್ಷ = 2 ಹಾಕಿದರೆ −3, ಇಳಿಜಾರು. 8 ಹಾಕಿದರೆ 3/4, ಏರು. ಹಾಗಾದರೆ 4 ರಲ್ಲಿ ತಗ್ಗು, ಅಲ್ಲಿ ಯ = 8. ಅಂದರೆ 4 ಮೀಟರಿನ ಚೌಕ ಮಾಡಿದರೆ ಬೇಲಿ 16 ಮೀಟರ್ ಸಾಕು. ಅದೇ ತೋಟ 1 ಕ್ಕೆ 16 ಮೀಟರ್ ಪಟ್ಟಿಯಂತಿದ್ದರೆ 34 ಮೀಟರ್ ಬೇಕು!

ಎಡಗಡೆ −8 ರಲ್ಲಿ ಏರು, −2 ರಲ್ಲಿ ಇಳಿಜಾರು. ಆದ್ದರಿಂದ −4 ರಲ್ಲಿ ಶಿಖರ, ಅಲ್ಲಿ ಯ = −8.

ಇಲ್ಲೇ ನನಗೆ ತುಂಬಾ ಇಷ್ಟವಾದ ವಿಷಯ ಇರೋದು. ಶಿಖರ −8 ರಲ್ಲಿದೆ, ತಗ್ಗು 8 ರಲ್ಲಿದೆ! ಲೆಕ್ಕ ಸರಿಯಾಗೇ ಇದೆ. ಈ ಗರಿಷ್ಠ ಅಂದರೆ ಅಕ್ಕಪಕ್ಕಕ್ಕಿಂತ ಎತ್ತರ ಅಷ್ಟೇ, ಇಡೀ ಗ್ರಾಫಿಗೆ ಅಲ್ಲ. ಗೆರೆ ತುಂಡಾಗದೆ ಇದ್ದಿದ್ದರೆ ಶಿಖರದಿಂದ ಇಳಿಯುತ್ತಲೇ ತಗ್ಗು ತಲುಪಬೇಕಿತ್ತು, ತಗ್ಗು ಕೆಳಗೇ ಇರುತ್ತಿತ್ತು. ನಂಬಿಕೆ ಬಾರದಿದ್ದರೆ ಹತ್ತನೇ ತರಗತಿಯವರೂ ಪರೀಕ್ಷಿಸಬಹುದು. ಸಮೀಕರಣವನ್ನು ಕ್ಷ² − ಯಕ್ಷ + 16 = 0 ಎಂದು ಬರೆದರೆ ಶೋಧಕ ಯ² − 64. ಯ ಬೆಲೆ −8 ಮತ್ತು 8 ರ ನಡುವೆ ಇದ್ದರೆ ಅದು ಋಣ, ಅಲ್ಲಿ ಒಂದು ಚುಕ್ಕೆಯೂ ಇಲ್ಲ.

ದೂರ ಹೋದಂತೆ ಗ್ರಾಫ್ ಯ = ಕ್ಷ ರೇಖೆಗೆ ಹತ್ತಿರವಾಗುತ್ತದೆ. ಕ್ಷ = 100 ಕ್ಕೆ ಯ = 100.16.

ಲೈಬ್ನಿಟ್ಸ್ 1684 ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ, ಭಿನ್ನರಾಶಿಗಳು ಬಂದರೂ ಇದಕ್ಕೆ ತಡೆಯಿಲ್ಲ ಎಂಬುದನ್ನು ಲೇಖನದ ಉದ್ದನೆಯ ಲ್ಯಾಟಿನ್ ಹೆಸರಿನಲ್ಲೇ ಸೇರಿಸಿದ್ದರು.

ನಿಮಗೊಂದು ಲೆಕ್ಕ: ಅದೇ ಕೈತೋಟದ ಒಂದು ಬದಿ ಶಾಲೆಯ ಗೋಡೆಗೆ ತಾಗಿದೆ, ಅಲ್ಲಿ ಬೇಲಿ ಬೇಡ. ಆಗ ಬೇಲಿಯ ಉದ್ದ ಕ್ಷ + 32/ಕ್ಷ. ಈಗಲೂ ಚೌಕವೇ ಬರುತ್ತಾ? ಮಾಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಸಿಕ್ಕಿಸಿ.