ಮೌನವಾಗುವ ರೈತ: ಖಿನ್ನತೆಯನ್ನು ಗುರುತಿಸುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಹುಳುವಿನ 'ಜ್ವರ' ಹೊಸದಲ್ಲ. ಪೊರೆ ಕಳಚುವ ಮುನ್ನ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಲ್ಲುತ್ತದೆ. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದಲ್ಲಿ ಜ್ವರದಿಂದ ಏಳುತ್ತದೆ. ಆಗ ಅದನ್ನು ಮುಟ್ಟಬಾರದೆಂದು ಎಲ್ಲರೂ ಬಲ್ಲರು. ಆದರೆ ಜ್ವರದ ಹೊತ್ತಲ್ಲದ ಹೊತ್ತಿನಲ್ಲಿ ಹುಳು ಸೊಪ್ಪು ಬಿಟ್ಟು ಮಂಕಾದರೆ, ಸಪ್ಪೆ ರೋಗವಿರಬಹುದೆಂದು ಬೆಳೆಗಾರ ಅಂದೇ ಎಚ್ಚೆತ್ತುಕೊಳ್ಳುತ್ತಾನೆ.

ಮನೆಯ ಮನುಷ್ಯನೇ ಊಟ ಬಿಟ್ಟು, ಮಾತು ಬಿಟ್ಟು ಮಂಕಾದಾಗ ಇಷ್ಟು ಎಚ್ಚರ ಕಂಡುಬರುವುದಿಲ್ಲ. 'ಅವನ ಸ್ವಭಾವವೇ ಹಾಗೆ', 'ಸೋಮಾರಿತನ', 'ದುಡ್ಡಿನ ಯೋಚನೆ, ತಾನೇ ಸರಿಹೋಗುತ್ತಾನೆ' ಎಂದು ತಿಂಗಳುಗಟ್ಟಲೆ ಬಿಟ್ಟುಬಿಡುವುದುಂಟು. ಇಂಥ ಮೌನ ಖಿನ್ನತೆ ಎಂಬ ಕಾಯಿಲೆಯ ಲಕ್ಷಣವಾಗಿರಬಹುದು. ಇದು ಗುಣವಾಗುವ ಕಾಯಿಲೆ. ಆದರೆ ಕಾಯಿಲೆಯವರು ತಾವಾಗಿ ಬಂದು ಹೇಳಿಕೊಳ್ಳುವುದು ಅಪರೂಪ. ಸುತ್ತಲಿನವರೇ ಗುರುತಿಸಿ ಹತ್ತಿರ ಹೋಗಬೇಕಾಗುತ್ತದೆ.

ದುಃಖಕ್ಕೂ ಖಿನ್ನತೆಗೂ ವ್ಯತ್ಯಾಸ

ಬೆಳೆ ಹೋದಾಗ, ಹತ್ತಿರದವರು ತೀರಿಕೊಂಡಾಗ ದುಃಖವಾಗುವುದು ಸಹಜ. ಅಂಥ ದುಃಖ ದಿನ ಕಳೆದಂತೆ ಸಾಮಾನ್ಯವಾಗಿ ಇಳಿಯುತ್ತದೆ. ನಡುವೆ ಮೊಮ್ಮಗುವನ್ನು ಕಂಡರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಬೇಸರ ಅಥವಾ ನಿರಾಸಕ್ತಿ ದಿನದ ಬಹುಪಾಲು ಇದ್ದು, ಎರಡು ವಾರಕ್ಕಿಂತ ಹೆಚ್ಚು ಕಾಲ ಮುಂದುವರಿದು, ನಿತ್ಯದ ಕೆಲಸ ಕೆಟ್ಟರೆ ವೈದ್ಯರನ್ನು ಕಾಣತಕ್ಕದ್ದು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು. ಇವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಲಕ್ಷಣಗಳು

1. ಮಾತು ಕಡಿಮೆಯಾಗುವುದು, ಕೇಳಿದ್ದಕ್ಕೆ ಹೂಂ, ಉಹೂಂ ಎಂದಷ್ಟೇ ಉತ್ತರ.
2. ಮೊದಲು ಇಷ್ಟವಾಗುತ್ತಿದ್ದ ಕೆಲಸ, ಹಬ್ಬ, ನೆಂಟರ ಮನೆ ಯಾವುದೂ ಬೇಡವಾಗುವುದು.
3. ನಸುಕಿಗೆ ಮುಂಚೆಯೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಅಥವಾ ಹಗಲೆಲ್ಲ ಮಲಗಿರುವುದು.
4. ಊಟ ಸೇರದೆ ತೂಕ ಇಳಿಯುವುದು.
5. ದುಡಿಯದೆಯೂ ಸುಸ್ತು, ತಲೆನೋವು, ಮೈಕೈ ನೋವು, ಎದೆ ಭಾರ.
6. ಸಣ್ಣ ಲೆಕ್ಕಕ್ಕೂ ಗಮನ ನಿಲ್ಲದಿರುವುದು.
7. 'ನಾನು ಮನೆಗೆ ಭಾರ', 'ಎಲ್ಲ ನನ್ನಿಂದಲೇ ಆಯ್ತು' ಎಂಬ ಮಾತು, ಸಾವಿನ ಯೋಚನೆ.

ಎಲ್ಲರಲ್ಲಿಯೂ ಎಲ್ಲ ಲಕ್ಷಣ ಇರಬೇಕೆಂದಿಲ್ಲ. ಗಂಡಸರಲ್ಲಿ ಮೌನದ ಜೊತೆಗೆ ಸಿಡುಕು ಮತ್ತು ಕುಡಿತ ಹೆಚ್ಚುವುದುಂಟು. ಹೆಂಗಸರ ಮೌನವಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಳು ಮನೆಯ ಕೆಲಸ, ಹಟ್ಟಿಯ ಕೆಲಸ, ಅಡಿಗೆ ಎಲ್ಲವನ್ನೂ ಮಾಡಿ ಮುಗಿಸುವ ಸೊಸೆ ಮಾತಾಡದಿದ್ದರೆ 'ಒಳ್ಳೆಯ ಹುಡುಗಿ' ಎಂದು ಹೊಗಳುವವರೇ ಹೆಚ್ಚು. ಹೆರಿಗೆಯಾದ ತಿಂಗಳುಗಳಲ್ಲಿ ಈ ಮೌನವನ್ನು ವಿಶೇಷವಾಗಿ ಗಮನಿಸಬೇಕು.

ತೋಟ ಹೇಳುವ ಸುದ್ದಿ

ಬಾಯಿ ಹೇಳದಿದ್ದರೂ ತೋಟ ಹೇಳುತ್ತದೆ. ನೀರಿದ್ದರೂ ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ಕೆಲಸ ಹಿಂದೆ ಬೀಳುವುದು, ಬೆಳೆ ಇಳಿಸಿದ ಮೇಲೆ ಹುಳು ಮನೆಗೆ ಸೋಂಕು ನಿವಾರಣೆ ಮಾಡದಿರುವುದು, ಚಂದ್ರಿಕೆಗಳು ತೊಳೆಯದೆ ಬಿದ್ದಿರುವುದು, ರಾಗಿ ಹೊಲಕ್ಕೆ ಕುಂಟೆ ಹೊಡೆಯದಿರುವುದು, ಡೇರಿಗೆ ತಾನು ಹೋಗದೆ ಮಗನ ಕೈಯಲ್ಲಿ ಹಾಲು ಕಳಿಸುವುದು, ಗೂಡು ಮಾರಲು ಮಾರುಕಟ್ಟೆಗೆ ಬೇರೆಯವರನ್ನು ಅಟ್ಟುವುದು - ಅಚ್ಚುಕಟ್ಟಾಗಿದ್ದ ರೈತನಲ್ಲಿ ಇವು ಒಟ್ಟಿಗೆ ಕಂಡರೆ ಎಚ್ಚರ ಬೇಕು.

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಒಂದು ತಪ್ಪು ಮಾಡುವ ಸಂಭವವಿದೆ. ತರಬೇತಿಗೆ ಬಾರದ, ಫೋನ್ ಎತ್ತದ ರೈತನನ್ನು 'ಆಸಕ್ತಿಯಿಲ್ಲದವರು' ಎಂದು ಪಟ್ಟಿಯಿಂದ ಬಿಡುವುದು ಸುಲಭ. ಹಿಂದೆ ಚೆನ್ನಾಗಿ ಬೆಳೆ ತೆಗೆಯುತ್ತಿದ್ದವರು ಹೀಗಾದರೆ, ಪಟ್ಟಿಯಿಂದ ತೆಗೆಯುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬರತಕ್ಕದ್ದು.

ಕಾರಣಗಳು

ಖಿನ್ನತೆಗೆ ಒಂದೇ ಕಾರಣವೆಂಬುದಿಲ್ಲ. ವಂಶದಲ್ಲಿ ಈ ಕಾಯಿಲೆ ಇರುವುದು, ಥೈರಾಯ್ಡ್ ಗ್ರಂಥಿಯ ತೊಂದರೆ, ದೀರ್ಘಕಾಲದ ಕಾಯಿಲೆ, ಕುಡಿತ, ನಿದ್ದೆಗೇಡು, ಸಾಲ, ಅಗಲಿಕೆ ಇವೆಲ್ಲ ಸೇರಿಕೊಳ್ಳುತ್ತವೆ. ಈ ಭಾಗದ ಬೇಸಾಯದಲ್ಲಿ ಮನಸ್ಸನ್ನು ಹಣ್ಣು ಮಾಡುವ ಸಂಗತಿಗಳು ಹಲವಿವೆ. ರಾಗಿಯನ್ನು ಬೆಲೆ ಬರುವವರೆಗೆ ಇಟ್ಟುಕೊಳ್ಳಬಹುದು. ಹಸಿ ಗೂಡನ್ನು ಚಿಟ್ಟೆ ಹೊರಬರುವ ಮುನ್ನ ಅಂದಿನ ಹರಾಜಿನ ಬೆಲೆಗೆ ಕೊಡಲೇಬೇಕು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದದ್ದು ಬೆಳೆಗಾರರಿಗೆ ನೆನಪಿದೆ. ಕೊರೆಸಿದ ಬಾವಿಯಲ್ಲಿ ನೀರು ಸಿಗದಿರುವುದು, ಕನಕಪುರ ಮತ್ತು ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಆನೆಗೆ ಹೆದರಿ ರಾತ್ರಿಯೆಲ್ಲ ಕಾಯುವುದು ಇವೂ ಸೇರುತ್ತವೆ. ಹಾಗೆಂದು ನಷ್ಟವಾದವರಿಗೆಲ್ಲ ಖಿನ್ನತೆ ಬರುವುದಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷದಲ್ಲೂ ಬರಬಹುದು. ಆದ್ದರಿಂದ 'ನಿನಗೇನು ಕಡಿಮೆಯಾಗಿದೆ?' ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಮಾತನಾಡಿಸುವ ಕ್ರಮ

ಅರಳಿಕಟ್ಟೆಯ ಮೇಲೆ ನಾಲ್ಕು ಜನರ ಎದುರು ಕೇಳಬಾರದು. ಒಬ್ಬರೇ ಹೋಗಿ, ಬದುವಿನ ಮೇಲೆ ಜೊತೆಯಲ್ಲಿ ಕೂತು, 'ಯಾಕಣ್ಣ, ಹದಿನೈದು ದಿವ್ಸದಿಂದ ಡೇರಿ ತಾವ ಕಾಣಿಸ್ಲಿಲ್ಲ. ನಿದ್ದೆಗಿದ್ದೆ ಸರಿಯಾಗಿ ಬರ್ತಾ ಐತಾ?' ಎಂದು ಕೇಳಿದರೆ ಸಾಕು. ಉತ್ತರ ತಡವಾದರೆ ಕಾಯಬೇಕು. ಮೊದಲ ದಿನ ಏನೂ ಹೇಳದಿರಬಹುದು, ಮತ್ತೆ ಹೋಗಬೇಕು. 'ಧೈರ್ಯ ತಂದ್ಕೊ', 'ಮದುವೆ ಮಾಡಿದರೆ ಸರಿಹೋಗುತ್ತೆ', 'ನಿನಗಿಂತ ಕಷ್ಟದಲ್ಲಿರೋರಿಲ್ವಾ' ಎಂಬ ಮಾತುಗಳಿಂದ ಮೌನ ಇನ್ನೂ ಗಟ್ಟಿಯಾಗುತ್ತದೆ.

ಬದುಕು ಬೇಡವೆಂಬ ಮಾತು ಬಂದರೆ 'ಜೀವ ಕಳಕೊಳ್ಳೋ ಯೋಚನೆ ಏನಾದ್ರೂ ಬರ್ತಾ ಐತಾ?' ಎಂದು ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡವರಿಗೆ ಹಗುರವಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಕೀಟನಾಶಕ, ಕಳೆನಾಶಕಗಳನ್ನು ಮನೆಯಿಂದ ಸಾಗಿಸಿ ಬೇರೆಯವರ ವಶದಲ್ಲಿ ಬೀಗ ಹಾಕಿಡಬೇಕು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತಿನಲ್ಲಿ 108ಕ್ಕೆ ಕರೆಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು.

ಚಿಕಿತ್ಸೆ

ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂಬುದು ಹಳೆಯ ನಂಬಿಕೆ. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದ ಮಧ್ಯದಿಂದಲೇ ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು, ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಅಗತ್ಯವಿದ್ದರೆ ಅವರು ಮನೋವೈದ್ಯರ ಬಳಿಗೆ ಕಳಿಸುತ್ತಾರೆ.

ವೈದ್ಯರೊಡನೆ ಆಪ್ತಸಮಾಲೋಚನೆ ಮತ್ತು ಬೇಕಾದಲ್ಲಿ ಮಾತ್ರೆ, ಇವೇ ಚಿಕಿತ್ಸೆ. ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಹಿಡಿಯುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಈ ಅವಧಿಯಲ್ಲಿ ಕುಡಿತ ಕೂಡದು.

ಮನೆಯವರು ಮತ್ತು ನೆರೆಯವರು ಮಾಡಬೇಕಾದ್ದು

1. ದಿನಕ್ಕೊಂದು ಸಣ್ಣ ಕೆಲಸ ಜೊತೆಯಲ್ಲಿ ಮಾಡಿಸಬೇಕು: ಹಸುವಿಗೆ ನೀರು ಕುಡಿಸುವುದು, ಒಂದು ಸಾಲು ಸೊಪ್ಪು ಕೊಯ್ಯುವುದು. ಮಾಡಲಾಗದ ದಿನ ಬಯ್ಯಬಾರದು.
2. ಆ ಬೆಳೆಗೆ ಮೊಟ್ಟೆಯ ಪ್ರಮಾಣ ತಗ್ಗಿಸಬೇಕು. 200 ಮೊಟ್ಟೆ ಮೇಯಿಸುತ್ತಿದ್ದವರು 100ಕ್ಕೆ ಇಳಿಸಬಹುದು. ಮೊಟ್ಟೆ ತರುವ ಬದಲು ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತಂದರೆ ಸುಮಾರು ಒಂದು ವಾರದ ಶ್ರಮ ಉಳಿಯುತ್ತದೆ.
3. ಕಡೆಯ ಹಂತದಲ್ಲಿ ರಾತ್ರಿ ಸೊಪ್ಪು ಹಾಕುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ಕಾಯಿಲೆಯವರಿಗೆ ನಿದ್ದೆ ಮುಖ್ಯ.
4. ಕಡ್ಡಿ ಕತ್ತರಿಸುವುದು, ರಾಗಿ ಕಟಾವು ಮುಂತಾದವನ್ನು ನೆರೆಯವರು ಮುಯ್ಯಾಳಿನ ಲೆಕ್ಕದಲ್ಲಿ ಮಾಡಿಕೊಡಬಹುದು. ದಾನವೆಂದರೆ ಮನಸ್ಸು ನೋಯುತ್ತದೆ. ಮುಯ್ಯಿ ಎಂದರೆ ನೋಯುವುದಿಲ್ಲ.
5. ಜಮೀನು ಮಾರುವ, ಹೊಸ ಬಾವಿ ಕೊರೆಸುವ ತೀರ್ಮಾನಗಳನ್ನು ಗುಣವಾಗುವವರೆಗೆ ಮುಂದೂಡಬೇಕು.

ಹುಳು ಜ್ವರಕ್ಕೆ ನಿಂತಾಗ ಮುಟ್ಟದೆ ಬಿಡುವುದು ಜಾಣತನ. ಮನುಷ್ಯ ಮಾತು ಬಿಟ್ಟು ಕೂತಾಗ ಹಾಗೆಯೇ ಬಿಟ್ಟು ಬರುವುದು ಜಾಣತನವಲ್ಲ. ನಿಮ್ಮ ಊರಿನಲ್ಲಿ ಎರಡು ವಾರದಿಂದ ಹೊರಗೆ ಕಾಣದವರು ಯಾರಾದರೂ ಇದ್ದರೆ, ಇಂದು ಸಂಜೆಯೇ ಅವರ ಮನೆಯ ಕಡೆ ಒಂದು ಹೆಜ್ಜೆ ಹಾಕಿ ಬನ್ನಿ.