ಜೀವಕೋಶಗಳ ಗುರುತು ಹಿಡಿಯುವ ಪ್ರತಿಕಾಯಗಳು

ರಕ್ತದ ಒಂದು ತೊಟ್ಟನ್ನು ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಕಟ್ಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿಯ ರಕ್ತಕಣಗಳ ನಡುವೆ ಲಿಂಫೋಸೈಟುಗಳೆಂಬ ದುಂಡನೆಯ ಕೋಶಗಳು ಕಾಣುತ್ತವೆ. ಅವುಗಳಲ್ಲಿ ಕೆಲವು, ಇತರ ಕೋಶಗಳನ್ನು ರೋಗದೊಡನೆ ಹೋರಾಡಲು ಪ್ರಚೋದಿಸುವ ಸಹಾಯಕ ಟಿ-ಕೋಶಗಳು; ಮತ್ತೆ ಕೆಲವು, ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಮಾರಕ ಟಿ-ಕೋಶಗಳು. ಕಾರ್ಯ ಬೇರೆಯಾದರೂ ರೂಪ ಒಂದೇ. ಹಾಗಾದರೆ ಇವನ್ನು ವಿಂಗಡಿಸಿ ಎಣಿಸುವುದೆಂತು?

ಕೋಶದ ಹೊರಪೊರೆಯಲ್ಲಿ ನಾನಾ ಪ್ರೋಟೀನುಗಳು ನಾಟಿಕೊಂಡಿರುತ್ತವೆ. ಸಹಾಯಕ ಕೋಶದಲ್ಲಿ ಸಿಡಿ4 ಎಂಬ ಪ್ರೋಟೀನೂ ಮಾರಕ ಕೋಶದಲ್ಲಿ ಸಿಡಿ8 ಎಂಬುದೂ ಇವೆ. ಈ ವ್ಯತ್ಯಾಸ ನಮ್ಮ ಕಣ್ಣಿಗೆ ಕಾಣದು. ಆದರೆ ಪ್ರತಿಕಾಯವು ಅದನ್ನು ಗುರುತಿಸಬಲ್ಲದು. ತನಗೆ ಹೊಂದುವ ಆಕಾರವಿರುವೆಡೆ ಅದು ಹೋಗಿ ಅಂಟಿಕೊಳ್ಳುತ್ತದೆ.

ಪ್ರಾಣಿಗೆ ಒಂದು ಪ್ರೋಟೀನನ್ನು ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಆದರೆ ಅವು ಹಲವು ಬಗೆಯ ಬೆರಕೆ. ಒಂದು ಪ್ರಾಣಿಯ ಬೆರಕೆಯಂತೆ ಇನ್ನೊಂದರದು ಇರುವುದಿಲ್ಲ. ಒಂದೊಂದು ಬಿ-ಕೋಶವೂ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುವುದು ನಿಜ. ಆದರೆ ಅದನ್ನು ಹೊರತೆಗೆದು ಸಾಕಿದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಈ ತೊಡಕನ್ನು ಬಿಡಿಸಿದರು. ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿಸಿಕೊಂಡಿದ್ದ ಇಲಿಯ ಗುಲ್ಮದಿಂದ ಕೋಶಗಳನ್ನು ತೆಗೆದು, ಎಡೆಬಿಡದೆ ವಿಭಜಿಸುವ ಮೈಯಲೋಮ ಕ್ಯಾನ್ಸರ್ ಕೋಶಗಳೊಡನೆ ಬೆಸೆದರು. ಬೆಸುಗೆಯಾಗದ ಗುಲ್ಮದ ಕೋಶಗಳು ತಾವಾಗಿಯೇ ಸತ್ತವು. ಮೈಯಲೋಮ ಕೋಶಗಳಲ್ಲಿ ಒಂದು ಕಿಣ್ವದ ಕೊರತೆಯಿದ್ದುದರಿಂದ ಅವೂ 'ಹ್ಯಾಟ್' ಎಂಬ ಪೋಷಕ ದ್ರವದಲ್ಲಿ ಬದುಕಲಿಲ್ಲ. ಉಳಿದುದು ಸಂಕರ ಕೋಶ ಮಾತ್ರ. ಕಿಣ್ವವನ್ನೂ ಪ್ರತಿಕಾಯದ ಗುಣವನ್ನೂ ಒಂದರಿಂದ, ಅಂತ್ಯವಿಲ್ಲದ ವಿಭಜನೆಯನ್ನು ಮತ್ತೊಂದರಿಂದ ಅದು ಪಡೆದಿತ್ತು. ಇಂತಹ ಒಂದೇ ಕೋಶದ ಸಂತತಿಯಿಂದ ದೊರೆಯುವ ಪ್ರತಿಕಾಯಗಳೆಲ್ಲ ಏಕರೂಪದವು. ಆದುದರಿಂದಲೇ ಅವಕ್ಕೆ ಏಕತದ್ರೂಪಿ ಪ್ರತಿಕಾಯಗಳೆಂದು ಹೆಸರು. ಈ ಇಬ್ಬರೂ 1984ರಲ್ಲಿ ನೀಲ್ಸ್ ಯೆರ್ನೆಯವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇಂತಹ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಜೋಡಿಸಿ ರಕ್ತದೊಡನೆ ಬೆರೆಸಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿದರೆ, ಗುರುತಿನ ಪ್ರೋಟೀನಿರುವವು ಹೊಳೆಯುತ್ತವೆ. ಇಲ್ಲಿ ಎಚ್ಚರಿಕೆಯೂ ಬೇಕು. ಸಿಡಿ4 ಮಾನೊಸೈಟುಗಳ ಮೇಲೂ ಅಲ್ಪವಾಗಿ ಇರುವುದರಿಂದ, ಟಿ-ಕೋಶಗಳ ಗುರುತಾದ ಸಿಡಿ3ಕ್ಕೆ ಬೇರೊಂದು ಬಣ್ಣದ ಪ್ರತಿಕಾಯವನ್ನೂ ಸೇರಿಸಬೇಕು. ಎರಡು ಬಣ್ಣಗಳೂ ಕಂಡರೆ ಮಾತ್ರ ಅದು ಸಹಾಯಕ ಟಿ-ಕೋಶವೆಂಬ ನಿರ್ಣಯ.

ಈ ವಿಧಾನದ ಬೆಲೆ ಬೇಗನೆ ತಿಳಿದುಬಂದಿತು. 1981ರಲ್ಲಿ ಲಾಸ್ ಏಂಜಲೀಸ್‌ನ ಕೆಲವು ಯುವಕರು ಅಪರೂಪದ ಶ್ವಾಸಕೋಶದ ಸೋಂಕಿಗೆ ತುತ್ತಾದರು. ಏಕತದ್ರೂಪಿ ಪ್ರತಿಕಾಯಗಳಿಂದ ಅವರ ರಕ್ತವನ್ನು ಪರೀಕ್ಷಿಸಿದಾಗ ಸಹಾಯಕ ಕೋಶಗಳು ಬಹುಮಟ್ಟಿಗೆ ಇಲ್ಲವಾಗಿದ್ದುದು ಗೋಚರಿಸಿತು. ಅದೇ ಏಡ್ಸ್. 1983ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ವೈರಸ್ ಪತ್ತೆಯಾಯಿತು. ಆದರೆ ಆ ವೈರಸ್ ಈ ಕೋಶಗಳನ್ನೇ ಆರಿಸಿಕೊಳ್ಳುವುದೇಕೆ? 1984ರಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನ ಸಂಶೋಧಕರು ಸಿಡಿ4ಕ್ಕೆ ಅಂಟುವ ಪ್ರತಿಕಾಯಗಳನ್ನು ಮೊದಲೇ ಹಾಕಿ ನೋಡಿದರು. ವೈರಸ್ಸಿನ ಸೋಂಕು ತಡೆಯಲ್ಪಟ್ಟಿತು. ಅದು ಕೋಶವನ್ನು ಹೊಗಲು ಸಿಡಿ4 ಪ್ರೋಟೀನನ್ನೇ ಹಿಡಿಯುತ್ತದೆಂದು ಹೀಗೆ ಸ್ಪಷ್ಟವಾಯಿತು. ಕೋಶದ ಗುರುತು ಹಿಡಿಯಲೆಂದು ಬಂದ ಸಾಧನವು, ರೋಗ ಒಳಹೊಗುವ ಬಾಗಿಲನ್ನೂ ತೋರಿಸಿಕೊಟ್ಟಿತು.

ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500 ಸಹಾಯಕ ಕೋಶಗಳಿರುತ್ತವೆ. ಸೋಂಕಿತರಲ್ಲಿ ಇದು 200ಕ್ಕಿಂತ ಕೆಳಗಿಳಿದರೆ ರೋಗ ಬಲಿತಿದೆಯೆಂದು ವೈದ್ಯರು ತಿಳಿಯುತ್ತಾರೆ. ನೋಟಕ್ಕೆ ಒಂದೇ ಆಗಿ ಕಾಣುವ ಕೋಶಗಳ ಈ ಲೆಕ್ಕ ನಮಗೆ ದೊರೆತುದು, ಒಂದನ್ನೇ ಗುರುತಿಸಬಲ್ಲ ಪ್ರತಿಕಾಯದಿಂದ.