ಗಾಲ್ಫ್ ಕೋಲಿಗೆ ಮರದ ಕಾವು

ಏಟು ಬೀಳುವ ಹೊತ್ತಿಗೆ ಕೊಡಲಿಯ ಕಾವು ಮುರಿದರೆ ಏನಾದೀತೆಂದು ಬೆಳೆಗಾರ ಬಂಧುಗಳಿಗೆ ಹೇಳಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಕೋಲು ಮಾಡುತ್ತಿದ್ದವರಿಗೂ ಇದೇ ಚಿಂತೆ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಆಶ್ ಮರವನ್ನು ಬಿಟ್ಟು ಅಮೆರಿಕದ ಹಿಕರಿ ಮರಕ್ಕೆ ತಿರುಗಿದರು. ಅದು ಗಟ್ಟಿ ಮರ. ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ.

ಆದರೆ ಜಾತಿಯಷ್ಟೇ ಮುಖ್ಯ ಮರದ ಎಳೆ. ಅದು ತುದಿಯಿಂದ ತುದಿಗೆ ಉದ್ದಕ್ಕೆ ಓಡಬೇಕು. ಓರೆಯಾಗಿ ಅಂಚಿಗೆ ಬಂದು ನಿಂತರೆ ಕಾವು ಅಲ್ಲಿಯೇ ಮುರಿಯುತ್ತದೆ. ಗರಗಸ ಎಳೆಯನ್ನು ಲೆಕ್ಕಿಸದೆ ಕೊಯ್ಯುತ್ತದೆ. ಸೀಳಿದ ತುಂಡು ಎಳೆಯ ಜಾಡನ್ನೇ ಹಿಡಿಯುತ್ತದೆ. ಅಡಿಕೆ ದಬ್ಬೆ ಸೀಳಿದವರಿಗೆ ಇದು ಹೊಸ ಮಾತಲ್ಲ.

ತುಂಡನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಳಿಕ ಕೀಸುಳಿ ಹಿಡಿದು ಚೌಕವನ್ನು ಎಂಟು ಮೂಲೆಗೆ, ಆಮೇಲೆ ದುಂಡಗೆ ತರುವುದು. ಹಿಡಿಯ ಕಡೆ ದಪ್ಪ, ತಲೆಯ ಕಡೆ ಸಣ್ಣ. ಕೀಸಿ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಆದ್ದರಿಂದ ಆಗಾಗ ಬಾಗಿಸಿ ನೋಡುತ್ತ ಕೀಸಬೇಕು. ಅಲ್ಪ ಸೊಟ್ಟವಿದ್ದರೆ ಹದವಾಗಿ ಬಿಸಿ ತಾಗಿಸಿ ತಿದ್ದಬಹುದು. ಕೊನೆಗೆ ಅಗಸೆ ಎಣ್ಣೆ. ಹಳೆಯ ಪದ್ಧತಿಯಲ್ಲಿ ಮರದ ತಲೆಯನ್ನೂ ಕಾವನ್ನೂ ಓರೆಯಾಗಿ ಕೆತ್ತಿ, ಅಂಟು ಹಾಕಿ, ಬಿಗಿಯಾಗಿ ದಾರ ಸುತ್ತುತ್ತಿದ್ದರು.

1929ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಕ್ಲಬ್ಬು ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟಿತು. ಆದರೂ 1930ರಲ್ಲಿ ಬಾಬಿ ಜೋನ್ಸ್ ನಾಲ್ಕು ದೊಡ್ಡ ಪಂದ್ಯಾವಳಿಗಳನ್ನು ಗೆದ್ದದ್ದು ಹಿಕರಿ ಕಾವಿನ ಕೋಲುಗಳಿಂದಲೇ.